ದೊಡ್ಡಮ್ಮನ ಬಾಟಲಿ, ಇನ್ಯಾವುದೋ ಜಿನ್

ಡಿಸೆಂಬರ್ ೯, ಮಂಗಳವಾರ

ಚಪ್ಪಲಿಯನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಷ್ಟು ಸಿಟ್ಟು.

ದೊಡ್ಡಮ್ಮ ಇವತ್ತು ಮೊದಲ ಸಲ ನಾನು ಕೆಲಸ ಮಾಡುವ ಬಾರ್‌ಗೆ ಬಂದಿದ್ದಳು. ತನ್ನ ಪುಟ್ಟ ಭಟ್ಟಿಯಲ್ಲಿ ಅವಳು ಒಂದು ಸಲಕ್ಕೆ ನಲವತ್ತೇ ಬಾಟಲಿ ಜಿನ್ ಇಳಿಸುತ್ತಾಳೆ. ಅದನ್ನೇ ನಂಬಿ ನಾನು ಈ ಚಳಿಗಾಲದ ಕಾಕ್‌ಟೇಲ್ ಹೊಂದಿಸಿದ್ದೆ. ಕಿತ್ತಳೆ, ಜೇನು, ಅವಳ ಜಿನ್. ನಾನೇ ಬೆರೆಸಿ ಮುಂದಿಟ್ಟೆ. ಒಂದೇ ಗುಟುಕಿಗೆ ಲೋಟ ಕೆಳಗಿಟ್ಟಳು.

“ಇದು ನಂದಲ್ಲ ಕಣೇ.”

ಮಾಲೀಕನನ್ನು ಕೇಳಿದೆ. ಅವಳ ಖಾಲಿ ಬಾಟಲಿಗಳಿಗೆ ಕಾರ್ಖಾನೆಯ ಅಗ್ಗದ ಜಿನ್ ತುಂಬುತ್ತಿದ್ದನಂತೆ, ಮೂರು ವಾರದಿಂದ! “ಕಿತ್ತಳೆ ಬಿದ್ಮೇಲೆ ಯಾರಿಗ್ ಗೊತ್ತಾಗುತ್ತೆ ಬಿಡಮ್ಮ” ಎಂದು ಹಲ್ಲು ಕಿರಿದ. ಅಷ್ಟೂ ಬಾಟಲಿಗಳನ್ನು ಅವನೆದುರೇ ಸಿಂಕಿಗೆ ಸುರಿದು, ಏಪ್ರನ್ ಬಿಚ್ಚಿ ಎಸೆದು ಬಂದೆ. ಕೆಲಸ ಹೋದರೆ ಹೋಗಲಿ. ಅವನ ಮನೆ ಹಾಳಾಗ!

ಆದರೂ ಸಿಟ್ಟು ಇಳಿಯುತ್ತಿಲ್ಲ. ದಾರಿಯುದ್ದಕ್ಕೂ ದೊಡ್ಡಮ್ಮ ಅವನನ್ನು ಒಂದು ಮಾತೂ ಬೈಯಲಿಲ್ಲ. ಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು, “ಮೂರು ವಾರ ನೀನೇ ಬೆರೆಸ್ತಿದ್ಯಲ್ಲ, ನಿಂಗೂ ಗೊತ್ತಾಗ್ಲಿಲ್ವಾ?”

ಕಣ್ಣು ಮುಚ್ಚಿಕೊಂಡೂ ಅವಳ ಜಿನ್ ಗುರುತಿಸುತ್ತೇನೆ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡವಳು ನಾನು. ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿ ನೋಡಿರಲಿಲ್ಲ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?