ಅಮ್ಮನ ಕುರ್ಚಿಯ ಕೆಳಗೆ

ಮನೆಯಿಂದ,
ಸೋಮವಾರ, ಬೆಳಿಗ್ಗೆ

ನನ್ನ ಬಾಲಂಗೋಚಿಗೆ ಅಪ್ಪನ ಆಶೀರ್ವಾದ.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕಬೇಕು ಅನ್ನಿಸಿದರೂ ಓದಿಯೇ ಹರಿ. ನಾನು ಚೆನ್ನಾಗಿದ್ದೇನೆ. ಪಟಗಳಿಗೆ ಕಟ್ಟು ಹಾಕುವ ಕೆಲಸ ನಡೆದಿದೆ. ಮಾತಿಗೆ ಜನವಿಲ್ಲದೆ ಗೋಂದಿನ ಡಬ್ಬಿಗೇ ಬೈಯುತ್ತೇನೆ. ಅದು ನಿನ್ನ ಹಾಗೆ ಎದುರುತ್ತರ ಕೊಡುವುದಿಲ್ಲ.

ಆ ಚಿತ್ರದ ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆಯನ್ನು ಇದ್ದ ಹಾಗೇ ಬರೆದಿದ್ದೆ ನೀನು: ಸೋರುವ ನಲ್ಲಿ, ಹಿಡಿ ಮುರಿದ ಪಾತ್ರೆ, ಬಟಾಣಿ ಸುಲಿಯುತ್ತ ಕೂತ ಅಮ್ಮ. ಅವಳ ಕುರ್ಚಿ ಮಾತ್ರ ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು. ಅವಳಿಗೂ ಆಶ್ಚರ್ಯವಿಲ್ಲ, ಪಕ್ಕದ ಬೆಕ್ಕಿಗೂ ಇಲ್ಲ. ಇದಕ್ಕೆ ಮಾಂತ್ರಿಕ ವಾಸ್ತವ ಅಂತಾರಪ್ಪ, ಆಗದ್ದೊಂದು ಆಗೋದರ ನಡುವೆ ಸುಮ್ಮನೆ ಇರುತ್ತೆ ಅಂದೆ ನೀನು. ಶುದ್ಧ ಸುಳ್ಳು ಅಂದೆ ನಾನು. ಕಂಡದ್ದನ್ನೇ ಬರೆದಿದ್ದೀನಿ, ನೀನೂ ಒಂದ್ಸಲ ಬಗ್ಗಿ ನೋಡು ಅಂದೆ ನೀನು. ನಾನು ಬಗ್ಗಲಿಲ್ಲ. ನೀನಿಲ್ಲದಾಗ ಚಿತ್ರದ ಕೆಳಗಿನ ಪಟ್ಟಿಯನ್ನು ಕತ್ತರಿಸಿ, ಕುರ್ಚಿಯ ಕಾಲು ಕಟ್ಟಿನ ಅಂಚಿಗೆ ತಾಗುವಂತೆ ಕೂರಿಸಿ ಗೋಡೆಗೆ ಹಾಕಿದೆ.

ಮೂರು ತಿಂಗಳಿಗೆ ಅಮ್ಮ ಹೋದಳು. ನಿನ್ನ ಚಿತ್ರವೇ ಅವಳನ್ನು ತಿಂದಿತು ಎಂದು ಎಲ್ಲರೆದುರು ಅಂದುಬಿಟ್ಟೆ. ಆ ಮಾತಿಗೆ ಕ್ಷಮೆ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಅವಳು ಹೋದಮೇಲೆ ಆ ಕುರ್ಚಿಯ ಹತ್ತಿರ ನಾನು ಪೊರಕೆ ಆಡಿಸಿರಲಿಲ್ಲ. ಕಳೆದ ವಾರ ಮನಸ್ಸು ಗಟ್ಟಿ ಮಾಡಿ ಗುಡಿಸಿದೆ. ಪೊರಕೆ ಎಲ್ಲೂ ತಡೆಯದೆ ಕುರ್ಚಿಯ ಕಾಲುಗಳ ಕೆಳಗಿಂದಲೇ ಆಚೆ ಹೋಯಿತು. ಬಗ್ಗಿ ನೋಡಿದೆ, ಕೈಯಿಟ್ಟು ಅಳೆದೆ. ಸರಿಯಾಗಿ ನಾಲ್ಕು ಬೆರಳು. ಒಂದು ಕಾಲಿನ ನೇರ ಕೆಳಗೆ ಅವಳು ಸುಲಿದ ಬಟಾಣಿಯೊಂದು ಒಣಗಿ ಬಿದ್ದಿತ್ತು. ಅಂದರೆ ಅವಳಿದ್ದಾಗಲೇ ಕುರ್ಚಿ ಎದ್ದಿತ್ತು. ಊರವರ ಪಟಗಳನ್ನೆಲ್ಲ ಒಂದು ನೂಲಿನಷ್ಟೂ ತಪ್ಪದೆ ಅಳೆದವನು ನಾನು. ದೀಪದ ಬುಡದಲ್ಲೇ ಕತ್ತಲು. ಅವಳು ಹೊರಟಿದ್ದು ನಿನಗೆ ಕಂಡಿತ್ತು, ಜೊತೆಗೆ ಉಂಡ ನನಗೆ ಕಾಣಲಿಲ್ಲ.

ಆ ಪಟ್ಟಿಯನ್ನು ಬಿಸಾಡಿದೆ ಅಂದಿದ್ದೆನಲ್ಲ, ಅದು ಸುಳ್ಳು. ಸುತ್ತಿ ಇಟ್ಟಿದ್ದೇನೆ. ಜೋಡಿಸಲು ನಿನ್ನ ಕೈಯೇ ಬೇಕು. ಅವಸರವೇನಿಲ್ಲ, ಬಿಡುವಾದಾಗ ಬಾ.

ಇತಿ,
ಬಗ್ಗಲು ತಡಮಾಡಿದ ನಿನ್ನ ಅಪ್ಪ

ತಾ.ಕ.: ಅವಸರವಿಲ್ಲ ಎಂದದ್ದನ್ನು ನಂಬಬೇಡ. ಇದನ್ನು ನನ್ನ ಕುರ್ಚಿಯಲ್ಲಿ ಕೂತೇ ಬರೆದೆ. ಬರೆಯುವ ಮೊದಲು ಅದರ ಕೆಳಗೂ ಕೈಯಿಟ್ಟು ನೋಡಿದ್ದೆ. ಎರಡು ಬೆರಳು.