ಅಕ್ಕನ ಗೋಡೆಯ ಎರಡು ಮೊಳೆ

ಮಾರ್ಚ್ 4, ಬೆಳಗ್ಗೆ

ಮತ್ತೆ ಅದೇ ಸುತ್ತು. ಈ ಊರಿನ ಅಡಿಯಲ್ಲಿ ಎರಡು ಭೂಫಲಕಗಳು ಒಂದನ್ನೊಂದು ಉಜ್ಜಿಕೊಂಡು ಜಾರುತ್ತಿವೆ. ಆ ಗೆರೆ ಅಕ್ಕನ ಅಡುಗೆಮನೆ ಗೋಡೆಯನ್ನೂ ಸೀಳಿಕೊಂಡು ಹೋಗಿದೆ. ಬಿರುಕಿನ ಆಚೆಗೊಂದು ಈಚೆಗೊಂದು ಹಿತ್ತಾಳೆ ಮೊಳೆ. ತಿಂಗಳಿಗೊಮ್ಮೆ ನಡುವಿನ ಅಂತರ ಅಳೆಯುವುದು — ಆಫೀಸಿನವರು ನನಗೆ ಸಂಬಳ ಕೊಡುವುದು ಇದಕ್ಕೇ. ಇದೇ ಗೆರೆಯ ಮೇಲೆ ಸೇತುವೆಯ ಬಳಿ ಇನ್ನೊಂದು ಅಳತೆ ಗುರುತಿದೆ, ರಸ್ತೆ ಅಗೆತದಲ್ಲಿ ಅದು ಮಣ್ಣಿನಡಿ ಸೇರಿದೆ. ಸದ್ಯಕ್ಕೆ ಈ ಕಡೆ ಅಕ್ಕನ ಮೊಳೆಗಳೇ ಗತಿ.

ಭಾವ ಗಾರೆ ಮೇಸ್ತ್ರಿ. ಊರವರ ಗೋಡೆಯೆಲ್ಲ ನುಣುಪು, ಸ್ವಂತ ಗೋಡೆ ಬಿರುಕು. ನೆಂಟರು ಆಡಿಕೊಳ್ಳುತ್ತಾರೆ. ಅಕ್ಕನಿಗೆ ಭಯ. ಮನೆ ಬಿಡೋಣ ಎಂದು ದಿನವೂ ವರಾತ.

“ಏನಮ್ಮಾ ಭೂಮಿ ಡಾಕ್ಟರ್, ನಾಡಿ ಹೇಗಿದೆ?” — ಭಾವ.

“ಎಂದಿನ ಹಾಗೇ ನಡೀತಿದೆ, ತಿಂಗಳಿಗೆ ಕೂದಲೆಳೆಯಷ್ಟು.”

ಏಪ್ರಿಲ್ 6

ಮೊಳೆ ಕದಲಿಲ್ಲ. ಎರಡು ಸಲ ಅಳೆದೆ. ಅಷ್ಟೇ.

“ಅಂತೂ ನಿಂತ್ಕೊಳ್ತಲ್ಲ, ಬದುಕಿದ್ವಿ ಬಿಡು!” ಅಕ್ಕನ ಮುಖ ಅರಳಿತು. ಭಾವ ಚಹಾ ಲೋಟ ನೋಡುತ್ತ ಕೂತಿದ್ದರು. ನನಗೇನೂ ಖುಷಿಯಾಗಲಿಲ್ಲ.

ಮೇ 5

ಈ ತಿಂಗಳೂ ಇಲ್ಲ. ಇನ್ನು ಬಾಯಿ ಮುಚ್ಚಿಕೊಂಡಿರುವ ಹಾಗಿಲ್ಲ.

“ಫಲಕ ನಿಲ್ಲೋದಿಲ್ಲ ಅಕ್ಕಾ. ಇಷ್ಟಿಷ್ಟೇ ಜಾರ್ತಿದ್ರೆ ಬಿರುಕಲ್ಲೇ ಮುಗಿಯತ್ತೆ. ಗೆರೆ ಕಚ್ಚಿಕೊಂಡ್ರೆ ಒತ್ತಡ ಒಳಗೇ ಸೇರ್ತಾ ಹೋಗತ್ತೆ, ಒಂದಿನ ಎಲ್ಲ ಒಟ್ಟಿಗೆ ಬಿಡತ್ತೆ, ಭೂಕಂಪ ಆಗತ್ತೆ. ಊರಾಚೆ ತೊರೆ ಸೊಟ್ಟಗಿದೆಯಲ್ಲ? ಅದು ತಿರುಗಿದ್ದಲ್ಲ. ನೆಲವೇ ಅದನ್ನ ಎಳ್ಕೊಂಡು ಹೋಗಿದ್ದು.”

ಅಕ್ಕ ಪಾತ್ರೆ ಕಟ್ಟತೊಡಗಿದಳು. ಆಫೀಸಿನ ಸಾಹೇಬರೂ ಮನೆ ಖಾಲಿ ಮಾಡಿಸಿ ಎಂದರು.

ಮೇ 9, ಮಧ್ಯಾಹ್ನ

ಲಾರಿ ತುಂಬಿತ್ತು. ಭಾವ ಹಿತ್ತಲಿಗೆ ಕರೆದರು.

“ಮೊಳೆ ನಾನೇ ಕಿತ್ತು ಹಳೇ ಅಳತೆಗೆ ಹೊಡೆದೆ. ಎರಡು ತಿಂಗಳೂ. ಮೇಲೆ ಗಾರೆ ಮೆತ್ತಿದೆ. ನಿಂತಿದೆ ಅಂದ್ರೆ ಅವಳು ಮನೆ ಬಿಡೋ ಮಾತು ಬಿಡ್ತಾಳೆ ಅಂದ್ಕೊಂಡೆ…”

ಮನೆ ಉಳಿಸಲು ಹೋಗಿ ಮನೆ ಬಾಗಿಲಿಗೆ ಲಾರಿ ತರಿಸಿದ್ದಾರೆ! ಸಿಟ್ಟು ಬಂತು. ನಗುವೂ ಬಂತು. ಎಂಥ ನುಣುಪು ಗಾರೆ — ನನ್ನ ಕಣ್ಣಿಗೇ ಮಣ್ಣೆರಚಿದರು.

ಮೇ 10

ರಸ್ತೆಯವರಿಗೆ ಗೋಗರೆದು ಮಣ್ಣು ತೆಗೆಸಿದೆ. ಸೇತುವೆಯ ಗುರುತು ಎಂದಿನಷ್ಟೇ ಸರಿದಿದೆ. ಸದ್ಯ. ಆಫೀಸಿನಲ್ಲಿ ಮಂಗಳಾರತಿಯಾಯಿತು, ಆಗಲಿ.

ಅಕ್ಕ ಸಾಮಾನು ಇಳಿಸಿದಳು. ಭಾವನೊಂದಿಗೆ ಮಾತಿಲ್ಲ. ನನಗೂ ಒಂದು ಬಿತ್ತು: “ಇನ್ಮೇಲೆ ಸರಿಯಾಗಿ ನೋಡಿ ಹೆದರ್ಸು ಕಣೇ.”

ಆಗಸ್ಟ್ 3

ಬರೆಯುವಂಥದ್ದಿಲ್ಲ. ಮೊಳೆಗಳು ಎಂದಿನಂತೆ ನಡೆಯುತ್ತಿವೆ. ಊರಲ್ಲಿ ಭಾವನಿಗೆ ‘ಭೂಮಿ ನಿಲ್ಲಿಸಿದವ’ ಎಂದು ಹೆಸರು. ಅಕ್ಕನೇ ಈಗ ಬಂದವರಿಗೆಲ್ಲ ಕಥೆ ಹೇಳಿ ನಗಿಸುತ್ತಾಳೆ. ಮನೆ ಬಿಡುವ ಮಾತೇ ಇಲ್ಲ.

ನವೆಂಬರ್ 7, ಸಂಜೆ

ಅಡುಗೆಮನೆ ಮೊಳೆ ಕದಲಿಲ್ಲ.

“ನಾನು ಮುಟ್ಟಿಲ್ಲ ಮಹರಾಯ್ತಿ!” ಭಾವ ಎರಡೂ ಕೈ ಎತ್ತಿದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾರೆ ಕೆರೆದು ನೋಡಿದೆ. ಹಳೆಯದೇ. ಯಾರೂ ಮುಟ್ಟಿಲ್ಲ.

ಸೇತುವೆಗೆ ಹೋದೆ. ಅಲ್ಲೂ ಇಲ್ಲ. ಕಳೆದ ತಿಂಗಳೇ ನಿಧಾನವಾಗಿತ್ತು, ಗಮನ ಕೊಟ್ಟಿರಲಿಲ್ಲ. ಹೆದರಿಕೆಯಾಗುತ್ತಿದೆ.

ನನ್ನ ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. “ಸಾಮಾನು ಕಟ್ಟು.”

“ಮತ್ತೆ ಶುರು ಮಾಡಿದ್ಯಾ? ಮೊದ್ಲು ನಿಮ್ಮ ಭಾವನ್ನ ಕೇಳು!” ಹಿಂದೆ ಭಾವನ ನಗು. ಇಟ್ಟುಬಿಟ್ಟಳು.

ಅದೇ ಲಾರಿಯವನನ್ನು ಕರೆದಿದ್ದೇನೆ. ಅವನೂ ನಕ್ಕ. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಕೈ ಹಿಡಿದು ಎಳೆದಾದರೂ ತರಬೇಕು. ಬಾಗಿಲಲ್ಲಿ ಏನೆಂದು ಹೇಳಲಿ? ಅಕ್ಕಾ, ಈ ಸಲ ನಿಜವಾಗಿಯೂ ನಿಂತಿ—