ಚಿನ್ನದ ನೀರು ಕಾಣದ ಪಟ

೧೨ ಮಾರ್ಚ್ ೧೯೭೪, ಮಂಗಳವಾರ. ಹಿರಿಯೂರು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಕೈಗೆ ಪೆನ್ನು ಕೊಟ್ಟು, ದಿನಾ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಕೂರಿಸಿದ್ದಾಳೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುವ ಮೊಮ್ಮಗಳು ಸಾಜಿದಾ. ಹಗುರವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಉರಿಯುತ್ತಿದೆ.

ನನ್ನ ಹೆಂಡತಿ ಖಾತುನ್ ಬೀ ತೀರಿಕೊಂಡು ಹನ್ನೊಂದು ವರ್ಷ. ನನ್ನ ಸ್ಟುಡಿಯೋದಲ್ಲಿ ನಾನೇ ತೆಗೆದ ಅವಳ ಒಂದೇ ಪಟ, ಇಂದು ಗೋಡೆಯಿಂದ ಇಳಿಸಿದರೆ ಕೆನ್ನೆಯವರೆಗೂ ಹಳದಿಯಾಗಿದೆ. ಅದರ ನೆಗೆಟಿವ್ ಗಾಜು ಎಂದೋ ಒಡೆದುಹೋಯಿತು.

"ಪಟದ ಕಾಗದಕ್ಕೆ ಬಳಿದ ಅಂಟಿನೊಳಗಿರೋ ಬೆಳ್ಳಿ ಉಪ್ಪು ಬೆಳಕು ಬಿದ್ದು ಬರೀ ಬೆಳ್ಳಿ ಆಗ್ತೈತೆ ತಾತ. ಗಾಳಿಗೆ ಅದು ಕೆಡ್ತೈತೆ, ಚಿನ್ನ ಕೆಡಲ್ಲ. ಚಿನ್ನದ ಉಪ್ಪು ಕರಗಿಸಿದ ನೀರಲ್ಲಿ ಅದ್ದಿ ಬೆಳ್ಳಿ ಮೇಲೆ ಚಿನ್ನ ಕೂರಿಸಿರಲಿಲ್ವಾ?"

"ನಲವತ್ತು ವರ್ಷ ಅದ್ರಾಗೇ ಕೈಯಿಟ್ಟೀನಿ, ನಂಗೇ ಪಾಠ ಹೇಳ್ಬ್ಯಾಡ. ಗಿರಾಕಿಗಳ ಪಟ ಅದ್ದಿದ್ದೆ. ಮನೆಯವಳದಕ್ಕೆ ಯಾಕೆ ಅಂತ ಬಿಟ್ಟೆ."

"ಅಜ್ಜಿ ಏನೂ ಅನ್ಲಿಲ್ವಾ?"

"'ನನ್ ಮುಖಕ್ಕೆ ಚಿನ್ನ ದಂಡಾನೇನ್ರಿ' ಅಂದ್ಲು. ನಕ್ಕೆ."

ನಾನು ತೆಗೆದ ಪಟಗಳಲ್ಲಿ ಊರಿನ ಮದುವೆ ಗಂಡುಗಳ ಮೀಸೆ ಇಂದಿಗೂ ಕಪ್ಪಗಿದೆ. ಅವಳ ಮುಖ ಮಾತ್ರ ಹೋಗುತ್ತಿದೆ. ಸಾಕಾಗಿದೆ.

ಈಗ ಅದ್ದಿದರೆ ಉಳಿದಷ್ಟಾದರೂ ನಿಲ್ಲುತ್ತದೋ, ಅದೂ ಹೋಗುತ್ತದೋ? ದುರ್ಗದ ಕಾಲೇಜಿನ ಸಾಜಿದಾಳ ಕೆಮಿಸ್ಟ್ರಿ ಮೇಷ್ಟ್ರು ಹೇಳಲಿ. ನಾಳೆ ಅವಳು ಈ ಹಾಳೆಯನ್ನೇ ಹರಿದು ಅವರಿಗೆ ಒಯ್ದು ಕೊಡಲಿ. ಇಪ್ಪತ್ತನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.